ಹೌದು ಸ್ವಾಮಿ, ಕಾರ್ಟರ್ ಮನೆಗೇ ಹೋದ್ರು!

ನಮಸ್ಕಾರ, ಎಲ್ರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡ್ಬೇಕು ಅಂತ ಬರ್ದಿಟ್ಕೊಂಡಿದ್ದೆ. ಬೆಳಗ್ಗೆ ಎದ್ದು ಫೋನ್ ನೋಡಿದ್ರೆ, ಅಮೆರಿಕಾದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಬಗ್ಗೆ ನಾವು ಮಾಡಿದ್ದ ಎಪಿಸೋಡ್ ಕೆಳಗೆ ಯಾರೋ ಮಹಾನುಭಾವರು ಬರ್ದಿದಾರೆ: "ಒಂದೇ ಅವಧಿಗೆ ಜನ ಓಡಿಸಿದ್ರು. ಸೋತು ಮನೆಗೆ ಹೋದವನಿಗೆ ಇಷ್ಟೊಂದು ಬಿಲ್ಡಪ್ ಯಾಕೆ ಸಾರ್?" ಅದಕ್ಕೆ ಲೈಕು ಬೇರೆ ಬಿದ್ದಿದೆ. ನಮ್ಮ ಸಬ್‌ಸ್ಕ್ರೈಬರ್‌ಗಳೇ ಒತ್ತಿದಾರೆ, ನನಗೆ ಗೊತ್ತು.

ಸೋತು ಮನೆಗೆ ಹೋದವನು! ಬೈಗುಳ ಅಂದ್ಕೊಂಡು ಬರ್ದಿದಾರೆ ಪಾಪ. ಅಲ್ಲಾ ಸ್ವಾಮಿ, ಆ ಮನುಷ್ಯನನ್ನ ನಾವು ನೆನೆಸ್ಕೊಳ್ಳೋದೇ ಅದಕ್ಕಲ್ವಾ? ಸೋತ್ರು, ಮನೆಗೆ ಹೋದ್ರು. ಸೋಲೋರು ಬೇಕಾದಷ್ಟು ಜನ ಸಿಗ್ತಾರೆ, ಮನೆಗೆ ಹೋದೋರನ್ನ ತೋರಿಸಿ ನೋಡೋಣ. ನಮ್ಮಲ್ಲಿ ಒಂದು ಸಲ ಮಂತ್ರಿ ಆದೋರ ಹತ್ರ ಸರ್ಕಾರಿ ಬಂಗಲೆ ಖಾಲಿ ಮಾಡ್ಸೋಕೆ ನೋಟಿಸ್ ಮೇಲೆ ನೋಟಿಸ್ ಕಳಿಸ್ಬೇಕು. ಕೊನೆಗೆ ಬಿಟ್ಟು ಹೋಗೋವಾಗ ಗೀಸರ್ ಬಿಚ್ಕೊಂಡು ಹೋಗ್ತಾರೆ.

ಲೆಕ್ಕ ಹೇಳ್ತೀನಿ ಕೇಳಿ. ಕಾರ್ಟರ್ ಹುಟ್ಟಿದ್ದು 1924ರ ಅಕ್ಟೋಬರ್ 1ನೇ ತಾರೀಕು, ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಅನ್ನೋ ಊರಲ್ಲಿ. ಊರು ಅಂದ್ರೆ ಸುಮಾರು 600 ಜನ. ನಮ್ಮ ಏರಿಯಾದ ಒಂದು ಅಪಾರ್ಟ್‌ಮೆಂಟಲ್ಲಿ ಅದಕ್ಕಿಂತ ಜಾಸ್ತಿ ಜನ ಇದಾರೆ, ಅಷ್ಟೇ ಜಗಳಾನೂ ಇದೆ. ಬೆಳೆದ ಮನೇಲಿ ಕರೆಂಟಿಲ್ಲ, ನಲ್ಲಿ ನೀರಿಲ್ಲ. ಚಿಕ್ಕ ಹುಡುಗನಾಗಿದ್ದಾಗ ಬೇಯಿಸಿದ ಕಡಲೆಕಾಯಿ ಪೊಟ್ಟಣ ಕಟ್ಕೊಂಡು ಬೀದೀಲಿ ಮಾರ್ತಿದ್ರು. ಬೇಯಿಸಿದ ಕಡಲೆಕಾಯಿ ಕಣ್ರೀ! ಬಸವನಗುಡಿ ಪರಿಷೇಲಿ ನಿಂತು ತಿಂದೋರಿಗೆ ಈ ಮನುಷ್ಯ ಇಷ್ಟ ಆಗ್ಲೇಬೇಕು, ಬೇರೆ ದಾರೀನೇ ಇಲ್ಲ.

ಆಮೇಲೆ ನೌಕಾಪಡೆ. ಅಣುಶಕ್ತಿ ಜಲಾಂತರ್ಗಾಮಿ ಯೋಜನೇಲಿ ಕೆಲಸ, ಒಳ್ಳೆ ಭವಿಷ್ಯ. 1953ರಲ್ಲಿ ಅಪ್ಪ ತೀರ್ಕೊಂಡ್ರು. ಏನ್ ಮಾಡಿದ್ರು? ರಾಜೀನಾಮೆ ಕೊಟ್ಟು ಮನೆಗೆ ಹೋದ್ರು! ನೋಡಿ, ಆಗ್ಲೇ ಶುರು. ಅಪ್ಪನ ಜಮೀನು, ಕಡಲೆಕಾಯಿ ವ್ಯಾಪಾರ, ವರ್ಷ ತಿರುಗೋದ್ರೊಳಗೆ ಬರಗಾಲ. ಬಡವರಿಗೆ ಸರ್ಕಾರ ಕಟ್ಸಿದ್ದ ಬಾಡಿಗೆ ಮನೇಲಿ ಸಂಸಾರ ಹೂಡಿದ್ರು.

ಇಲ್ಲೊಂದು ವಿಷಯ ಹೇಳ್ಲೇಬೇಕು. ಈ ನಿರ್ಧಾರ ತಗೊಳ್ಳೋವಾಗ ಹೆಂಡತಿ ರೋಸಲಿನ್ ಅವರನ್ನ ಒಂದು ಮಾತು ಕೇಳ್ಲಿಲ್ಲ. ಆಯಮ್ಮನಿಗೆ ಎಂಥಾ ಕೋಪ ಬಂತು ಅಂದ್ರೆ, ಕಾರಲ್ಲಿ ಊರು ಮುಟ್ಟೋ ತನಕ ಗಂಡನ ಜೊತೆ ಮಾತಿಲ್ಲ. ಏನಾದ್ರೂ ಬೇಕಾದ್ರೆ ದೊಡ್ಡ ಮಗನಿಗೆ "ನಿಮ್ಮಪ್ಪಂಗೆ ಹೇಳು" ಅಂತ ಹೇಳಿಸ್ತಿದ್ರಂತೆ. ನಗ್ತಿದೀರ? ನಿಮ್ಮನೇಲಿ ನಡೆದಿಲ್ವಾ? ನಮ್ಮನೇಲಿ ಈಗ್ಲೂ ನಡೀತಿದೆ. ಇದನ್ನ ಬೇರೆ ಯಾರೋ ಹೊರಗೆ ಹಾಕಿದ್ದಲ್ಲ, ಕಾರ್ಟರ್ ಅವರೇ ಹೇಳ್ಕೊಂಡು ನಗ್ತಿದ್ರು. ಅದೇ ಹೆಂಗಸು ಕಡಲೆಕಾಯಿ ಮಂಡಿಯ ಲೆಕ್ಕ ಪುಸ್ತಕ ಕೈಗೆ ತಗೊಂಡು ವ್ಯಾಪಾರಾನ ಎತ್ತಿ ನಿಲ್ಸಿದ್ರು. ಆಮೇಲೆ 77 ವರ್ಷ ದಾಂಪತ್ಯ! 1946ರಲ್ಲಿ ಮದುವೆ, 2023ರ ನವೆಂಬರಲ್ಲಿ ರೋಸಲಿನ್ ತೀರ್ಕೊಂಡ್ರು. ಕುಟುಂಬಸ್ಥ ಅಂತ ಶ್ರದ್ಧಾಂಜಲಿ ಬ್ಯಾನರಲ್ಲಿ ಎಲ್ರ ಹೆಸರಿನ ಮುಂದೆನೂ ಹಾಕ್ತಾರೆ, ಹಲ್ಲು ಕಿರಿಯೋ ಫೋಟೋ ಜೊತೆಗೆ. ಈ ಮನುಷ್ಯನಿಗೆ ಮಾತ್ರ ಅದನ್ನ ಹಾಕೋದ್ರಲ್ಲಿ ಅರ್ಥ ಇದೆ.

ಸರಿ, ಈಗ ಬುದ್ಧಿವಂತರು ಬರ್ತಾರೆ. "ಸಾರ್, ಇರಾನಿನ ಟೆಹ್ರಾನಲ್ಲಿ ಅಮೆರಿಕಾದ 52 ಜನ 444 ದಿನ ಒತ್ತೆಯಾಳಾಗಿದ್ರಲ್ಲ? ಬಿಡಿಸೋಕೆ ಹೋದ ಕಾರ್ಯಾಚರಣೆ ಮರುಭೂಮೀಲಿ ಕೆಟ್ಟು ಎಂಟು ಸೈನಿಕರು ಸತ್ರಲ್ಲ? ಬೆಲೆ ಏರಿಕೆ?" ಹೌದಪ್ಪ. ನಾನು ಇಲ್ಲ ಅಂದ್ನಾ? 1980ರ ಚುನಾವಣೇಲಿ ಎದುರಾಳಿ ರೇಗನ್‌ಗೆ 489 ಎಲೆಕ್ಟೊರಲ್ ಮತ, ಅಂದ್ರೆ ರಾಜ್ಯಗಳ ಲೆಕ್ಕದಲ್ಲಿ ಸಿಗೋ ಮತ, ಇವರಿಗೆ 49. ಹೀನಾಯ ಸೋಲು. ಅದೇ ಮನುಷ್ಯ 1978ರಲ್ಲಿ ಈಜಿಪ್ಟ್ ಅಧ್ಯಕ್ಷ ಸಾದಾತ್ ಮತ್ತೆ ಇಸ್ರೇಲ್ ಪ್ರಧಾನಿ ಬೆಗಿನ್ ಇಬ್ಬರನ್ನೂ ಅಮೆರಿಕಾ ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಕೂಡಿಹಾಕ್ಕೊಂಡು ಶಾಂತಿ ಒಪ್ಪಂದ ಮಾಡ್ಸಿದ್ದನ್ನ ಮಾತ್ರ ನೀವು ಹೇಳಲ್ಲ. ಇರ್ಲಿ, ನನ್ನ ವಾದ ಅದಲ್ಲ. ನನ್ನ ವಾದ, ಸೋತ್ಮೇಲೆ ಮನೆಗೆ ಹೋದ್ರು!

ಅದೂ ಎಂಥಾ ಮನೆಗೆ? 1961ರಲ್ಲಿ ಕಟ್ಸಿದ್ದ ಎರಡು ಬೆಡ್‌ರೂಮಿನ ಮನೆಗೆ. ಅಧ್ಯಕ್ಷರಾದಾಗ ವ್ಯಾಪಾರಾನ ಟ್ರಸ್ಟಿಗೆ ವಹಿಸಿದ್ರು, ತಾವು ಕೈ ಹಾಕೋ ಹಾಗಿಲ್ಲ. ವಾಪಸ್ ಬಂದು ನೋಡಿದ್ರೆ ಸುಮಾರು ಹತ್ತು ಲಕ್ಷ ಡಾಲರ್ ಸಾಲ. ದೇಶ ಆಳೋಕೆ ಹೋಗಿ ಸಾಲ ಮಾಡ್ಕೊಂಡು ಬಂದೋರನ್ನ ನೀವು ಎಲ್ಲಾದ್ರೂ ನೋಡಿದೀರ? ನಮ್ಮಲ್ಲಿ ಗ್ರಾಮ ಪಂಚಾಯ್ತಿ ಮೆಂಬರ್ ಆದೋರು ಎರಡನೇ ವರ್ಷಕ್ಕೆ ಮಹಡಿ ಎಬ್ಬಿಸ್ತಾರೆ. ಇವರು ವ್ಯಾಪಾರ ಮಾರಿದ್ರು, ಪುಸ್ತಕ ಬರೆಯೋಕೆ ಕೂತ್ರು. ದೊಡ್ಡ ಕಂಪನಿಗಳ ಬೋರ್ಡಲ್ಲಿ ಕೂತು ದುಡ್ಡೆಣಿಸೋ ದಾರಿ ತೆರೆದಿತ್ತು, ಹೋಗ್ಲಿಲ್ಲ.

ಬಿಡಿ, ಅದೆಲ್ಲ ದುಡ್ಡಿನ ಮಾತಾಯ್ತು. ಕೆಲಸದ ಮಾತಾಡೋಣ. ನಮ್ಮ ಕಲ್ಬುರ್ಗಿ, ರಾಯಚೂರು, ವಿಜಯಪುರ ಕಡೆ ಹಿರಿಯರನ್ನ ಕೇಳಿ, ನಾರುಹುಣ್ಣು ಅಂದ್ರೆ ಏನು ಅಂತ. ಮೆಟ್ಟಿಲು ಬಾವಿ ನೀರು ಕುಡಿದ್ರೆ ಒಂದು ವರ್ಷ ಆದ್ಮೇಲೆ ಕಾಲಲ್ಲಿ ಹುಣ್ಣೆದ್ದು ಉದ್ದನೆ ಹುಳ ಹೊರಗೆ ಬರೋದು. ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೀಬೇಕು, ತುಂಡಾದ್ರೆ ಮುಗೀತು. ನಮ್ಮ ದೇಶ ಅದನ್ನ ತನ್ನದೇ ಕಾರ್ಯಕ್ರಮದಿಂದ ಓಡಿಸ್ತು, 2000ದಲ್ಲಿ ಸರ್ಟಿಫಿಕೇಟೂ ಸಿಕ್ತು. ಅದರ ಕ್ರೆಡಿಟ್ ಕಾರ್ಟರ್‌ಗೆ ಕೊಡಲ್ಲ ನಾನು, ಅದು ನಮ್ಮ ಆರೋಗ್ಯ ಕಾರ್ಯಕರ್ತರದ್ದು. ಆದ್ರೆ ಆಫ್ರಿಕಾದಲ್ಲಿ? 1986ರಲ್ಲಿ ಅವರು ಕಟ್ಟಿದ ಸಂಸ್ಥೆ ಕಾರ್ಟರ್ ಸೆಂಟರ್ ಈ ಕೆಲಸಕ್ಕೆ ಇಳಿದಾಗ ಜಗತ್ತಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನಕ್ಕೆ ಈ ಹುಣ್ಣು. ಅವರು ಸಾಯೋ ಹೊತ್ತಿಗೆ ಹದಿನೈದರ ಆಸುಪಾಸು. ಲಕ್ಷ ಅಲ್ಲ, ಹದಿನೈದು ಜನ! ಔಷಧಿ ಇಲ್ಲ, ಲಸಿಕೆ ಇಲ್ಲ. ನೀರನ್ನ ಬಟ್ಟೇಲಿ ಸೋಸಿ ಕುಡೀರಿ, ಹುಣ್ಣಿರೋ ಕಾಲನ್ನ ನೀರಿಗೆ ಇಳಿಸ್ಬೇಡಿ ಅಂತ ಊರೂರಿಗೆ ಹೋಗಿ ಹೇಳೋದು. ಕೊನೇ ಹುಳ ನನಗಿಂತ ಮೊದಲು ಸಾಯ್ಲಿ ಅಂತಿದ್ರು, ಅದೊಂದು ಆಗ್ಲಿಲ್ಲ. ಸೋತವನಂತೆ! ಇಂಥ ಸೋಲು ನಮ್ಮ ಗೆದ್ದೋರಿಗೆಲ್ಲ ಒಂದೊಂದು ಕೊಡಿಸಿ.

ಅಂದಹಾಗೆ, ನಮ್ಮ ಚಾನೆಲ್ ಮಗ್ಗು ಬಂದಿದೆ. ಲಿಂಕ್ ಕೆಳಗಿದೆ. ಹಿಡಿ ಸ್ವಲ್ಪ ಸಣ್ಣದು, ದಪ್ಪ ಬೆರಳಿನೋರು ಯೋಚನೆ ಮಾಡಿ ತಗೊಳ್ಳಿ.

ಇನ್ನೊಬ್ರು, "ಕ್ರೈಸ್ತರನ್ನ ಹೊಗಳೋಕೆ ಎಷ್ಟು ಕೊಟ್ರು ಸಾರ್?" ಅಂತ. ಕೊಟ್ಟಿದ್ರೆ ಈ ಮೈಕಲ್ಲಿ ಮಾತಾಡ್ತಿದ್ನಾ? ಕರ್‌ಕರ್ ಅಂತಿರೋದು ಕೇಳ್ಸಲ್ವಾ? ಹೌದು, ಅವರು ಕ್ರೈಸ್ತರು, ಮುಚ್ಚಿಟ್ಟವರೂ ಅಲ್ಲ. ಅಧ್ಯಕ್ಷರಾಗಿದ್ದಾಗ್ಲೂ ಸಂಡೇ ಸ್ಕೂಲಲ್ಲಿ, ಅಂದ್ರೆ ಚರ್ಚಿನ ಭಾನುವಾರದ ಬೈಬಲ್ ತರಗತೀಲಿ, ಪಾಠ ಹೇಳ್ತಿದ್ರು, 90 ದಾಟಿದ್ಮೇಲೂ ತಮ್ಮೂರಿನ ಮರನಾಥ ಬ್ಯಾಪ್ಟಿಸ್ಟ್ ಚರ್ಚಲ್ಲಿ ಹೇಳ್ತಿದ್ರು. ಆ ಚರ್ಚಿನ ಮರದ ಶಿಲುಬೆ, ಕಾಣಿಕೆ ತಟ್ಟೆ ಅವರೇ ಕೆತ್ತಿದ್ದು. ಅಂಗಳದ ಹುಲ್ಲು ಕತ್ತರಿಸೋ ಸರದೀನೂ ಇತ್ತು. ಅದೇ ಮನುಷ್ಯ, ಹೆಂಗಸರು ಪಾದ್ರಿ ಆಗ್ಬಾರದು, ಗಂಡನಿಗೆ ಅಧೀನ ಆಗಿರ್ಬೇಕು ಅಂತ ಹೊರಟ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆ ಜೊತೆಗಿನ ನಂಟನ್ನ 2000ದಲ್ಲಿ ಕಡ್ಕೊಂಡ್ರು. ತನ್ನ ಧರ್ಮದೋರಿಗೇ "ಇದು ಸರಿ ಇಲ್ಲ" ಅನ್ನೋ ಧೈರ್ಯ! ನಮ್ಮಲ್ಲಿ ಮಠದ ಸ್ವಾಮೀಜಿ ಎದುರಿಗೆ ಕೆಮ್ಮೋಕೂ ಹೆದರ್ತೀವಿ. ಕಾಮೆಂಟ್ ಹಾಕೋಕೆ ಮಾತ್ರ ಸಿಂಹಗಳು.

ಅವರ ತಾಯಿ ಲಿಲಿಯನ್ ಇದಾರಲ್ಲ, 68ನೇ ವಯಸ್ಸಲ್ಲಿ ನರ್ಸ್ ಕೆಲಸಕ್ಕೆ ಅಂತ ಮುಂಬೈ ವಿಕ್ರೋಲಿಗೆ ಬಂದಿದ್ರು. ಹೆತ್ತೋರು ಹಾಗಿದ್ರು. 2006ರಲ್ಲಿ ಮಗ ಲೋನಾವಳ ಹತ್ರ ಬಡವರಿಗೆ ಮನೆ ಕಟ್ಟೋಕೆ ಬಂದಾಗ 82 ವಯಸ್ಸು, ಕೈಯಲ್ಲಿ ಸುತ್ತಿಗೆ. 2019ರಲ್ಲಿ 95 ದಾಟಿ, ಬಿದ್ದು ಹಣೆಗೆ 14 ಹೊಲಿಗೆ ಹಾಕ್ಸ್ಕೊಂಡು, ಕಣ್ಣು ಕಪ್ಪಾಗಿ ಊದ್ಕೊಂಡು, ನ್ಯಾಶ್‌ವಿಲ್‌ನಲ್ಲಿ ಮತ್ತೆ ಮನೆ ಕಟ್ಟೋ ಜಾಗಕ್ಕೆ ಹಾಜರ್! ನನಗೆ ನೆಗಡಿ ಬಂದ್ರೆ ಎಪಿಸೋಡೇ ಇರಲ್ಲ.

2023ರ ಫೆಬ್ರವರಿಲಿ ಆಸ್ಪತ್ರೆ ಸಾಕು ಅಂದ್ರು. ಆಮೇಲೆ? ಹೇಳಿ, ನೀವೇ ಹೇಳಿ. ಮನೆಗೆ ಹೋದ್ರು! ಅಲ್ಲೇ 2024ರ ಡಿಸೆಂಬರ್ 29ರಂದು ತೀರ್ಕೊಂಡ್ರು, 100 ವರ್ಷಕ್ಕೆ. ವಾಷಿಂಗ್ಟನ್‌ನಲ್ಲಿ ದೊಡ್ಡ ದೊಡ್ಡೋರೆಲ್ಲ ಸೇರಿ ಸರ್ಕಾರಿ ಗೌರವ ಕೊಟ್ರು, ಅದೇ ಸಂಜೆ ಪ್ಲೇನ್ಸ್‌ಗೆ ತಂದು ಮನೆ ಆವರಣದಲ್ಲೇ ಹೆಂಡತಿ ಪಕ್ಕ ಮಣ್ಣು ಮಾಡಿದ್ರು. ಸತ್ಮೇಲೂ ಮನೆಗೇ ಹೋದ್ರು ಕಣ್ರೀ! ಇನ್ನೇನ್ ಬೇಕು ನಿಮ್ಗೆ?

ಸ್ಕ್ರಿಪ್ಟಲ್ಲಿ ನೊಬೆಲ್ ಪ್ರಶಸ್ತಿದು, ವೈಟ್ ಹೌಸ್ ಮೇಲೆ ಸೋಲಾರ್ ಪ್ಯಾನೆಲ್ ಹಾಕ್ಸಿದ್ದು, ಇನ್ನೂ ಏನೇನೋ ಬರ್ದಿದೀನಿ. ಹೇಳಲ್ಲ. ಹೇಳಿದ್ರೆ "ನೊಬೆಲ್ ಯಾರ್ಯಾರಿಗೋ ಕೊಡ್ತಾರೆ" ಅಂತೀರ. ಅನ್ನಿ. ನನಗೆ ನೊಬೆಲ್ಲೂ ಬೇಡ, ಸೋಲಾರೂ ಬೇಡ. ಮನೆಗೆ ಹೋದ್ರಾ ಇಲ್ವಾ? ಹೋದ್ರು. ಮುಗೀತು. ಯಾಕೆ ಅದು ದೊಡ್ಡದು ಅಂತ ಕೇಳ್ಬೇಡಿ. ದೊಡ್ಡದು, ಅಷ್ಟೇ. ನಾನು ಹೇಳ್ತಿದೀನಲ್ಲ!

ಮುಂದಿನ ವಾರ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಚುನಾವಣೆ ಬಗ್ಗೆ. ಅಲ್ಲಿ ಸೋತೋರು ಯಾರೂ ಎಲ್ಲಿಗೂ ಹೋಗಲ್ಲ, ಲಿಫ್ಟಲ್ಲೇ ನಿಂತು ಗುರಾಯಿಸ್ತಾರೆ. ಬೆಲ್ ಒತ್ತಿ, ಮಗ್ ತಗೊಳ್ಳಿ, ಡೆಲಿವರಿ ಚಾರ್ಜ್ ಬೇರೆ.