ಎಂಟು ಗಂಟೆ ನಿದ್ದೆ: ಈ ಲೆಕ್ಕ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ.

ದಿನಕ್ಕೆ ಎಂಟು ಗಂಟೆ ನಿದ್ದೆ ಮಾಡಿ, ರಾತ್ರಿ ಹತ್ತಕ್ಕೆಲ್ಲ ಮಲಗಿ ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತದೆ. ಇದನ್ನು ಯಾರು, ಹೇಗೆ ಅಳೆದರು ಅನ್ನುವುದು ಮಾತ್ರ ಅಷ್ಟಾಗಿ ಕೇಳಿಸುವುದಿಲ್ಲ. ಅಳೆದ ರೀತಿ ಗೊತ್ತಾದರೆ ಯಾವ ಸಲಹೆಯನ್ನು ಗಟ್ಟಿಯಾಗಿ ಹಿಡಿಯಬೇಕು, ಯಾವುದಕ್ಕೆ ಸುಮ್ನೆ ಗಾಬರಿ ಬೇಡ ಅನ್ನುವುದೂ ತಿಳಿಯುತ್ತದೆ.

ಅಮೆರಿಕದ ನಿದ್ರಾ ತಜ್ಞರ ಎರಡು ಸಂಘಗಳು 2015ರಲ್ಲಿ ಸೇರಿ ದೊಡ್ಡವರಿಗೆ ಕೊಟ್ಟ ಸಲಹೆ ‘ಏಳು ಗಂಟೆ ಅಥವಾ ಅದಕ್ಕಿಂತ ಜಾಸ್ತಿ’ ಅಂತ. ಎಂಟೇ ಆಗಬೇಕು ಅಂತ ಅಲ್ಲ. 2002ರಲ್ಲಿ ಡೇನಿಯಲ್ ಕ್ರಿಪ್ಕೆ ಮತ್ತು ಜೊತೆಗಾರರು 11 ಲಕ್ಷ ಅಮೆರಿಕನ್ನರ ವಿವರ ನೋಡಿದ್ದರು. ಏಳು ಗಂಟೆ ಮಲಗುತ್ತೇವೆ ಅಂದವರಲ್ಲಿ ಸಾವು ಎಲ್ಲರಿಗಿಂತ ಕಡಿಮೆ. ಎಂಟು ಅಂದವರಲ್ಲಿ ಸ್ವಲ್ಪ ಹೆಚ್ಚು! ಆದರೆ ‘ಅಂದವರು’ ಅನ್ನುವುದನ್ನು ಗಮನಿಸಿ. ಇದು ಕೇಳಿ ಬರೆದುಕೊಂಡ ಲೆಕ್ಕ. ಚಿಕಾಗೊದಲ್ಲಿ ಮಣಿಕಟ್ಟಿಗೆ ಯಂತ್ರ ಕಟ್ಟಿ ಅಳೆದು ನೋಡಿದಾಗ, ಐದು ಗಂಟೆ ಮಲಗಿದವರು ಒಂದು ಗಂಟೆಗೂ ಹೆಚ್ಚು ಸೇರಿಸಿ ಹೇಳಿದ್ದರು. ಇನ್ನೊಂದು ತೊಡಕಿದೆ. ಮೈಯಲ್ಲಿ ಕಾಯಿಲೆ ಇದ್ದವರು ಜಾಸ್ತಿ ಮಲಗುತ್ತಾರೆ. ಹಾಗಾಗಿ ಎಂಟೂವರೆ ಗಂಟೆ ಮಲಗುವ ಆರೋಗ್ಯವಂತರು ಈ ಅಂಕಿ ನೋಡಿ ಹೆದರಬೇಕಿಲ್ಲ.

ಹೆದರಬೇಕಾದ್ದು ಬೇರೆ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ವಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಜೊತೆಗಾರರು 48 ಆರೋಗ್ಯವಂತರ ಮೇಲೆ ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ರಾತ್ರಿ ಎಂಟು ಗಂಟೆ ಹಾಸಿಗೆ, ಒಂದಕ್ಕೆ ಆರು, ಒಂದಕ್ಕೆ ನಾಲ್ಕು. ಹೀಗೆ 14 ರಾತ್ರಿ. ನಾಲ್ಕನೇ ಗುಂಪಿಗೆ ಮೂರು ರಾತ್ರಿ ನಿದ್ದೆಯೇ ಇಲ್ಲ. ಹಗಲಲ್ಲಿ ಪರದೆಯ ಮೇಲೆ ಗುರುತು ಕಂಡ ಕೂಡಲೇ ಗುಂಡಿ ಒತ್ತುವಂಥ ಪರೀಕ್ಷೆಗಳು. ಆರು ಗಂಟೆಯವರು ದಿನದಿಂದ ದಿನಕ್ಕೆ ಜಾಸ್ತಿ ತಪ್ಪತೊಡಗಿದರು. ಎರಡು ವಾರದ ಕೊನೆಗೆ ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿದ್ದರು. ಇದಕ್ಕಿಂತ ದೊಡ್ಡ ವಿಷಯವೆಂದರೆ, ಅದು ಅವರಿಗೇ ಗೊತ್ತಾಗಲಿಲ್ಲ. ತೂಕಡಿಕೆ ಎಷ್ಟಿದೆ ಅಂತ ಕೇಳಿದರೆ ಮೊದಲ ಕೆಲವು ದಿನಗಳಾದ ಮೇಲೆ ಅವರ ಉತ್ತರ ಹೆಚ್ಚು ಬದಲಾಗಲೇ ಇಲ್ಲ. ‘ನನಗೆ ಆರು ಗಂಟೆ ಸಾಕು, ಅಭ್ಯಾಸ ಆಗಿಹೋಗಿದೆ’ ಅನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ರಾತ್ರಿ ಬಸ್ಸು ಓಡಿಸುವವರ ಬಾಯಲ್ಲಿ ಈ ಮಾತು ಕೇಳಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಹಾಗಾದರೆ ಹಾಸಿಗೆಯಲ್ಲಿ ಇರುವ ಹೊತ್ತು ಹೆಚ್ಚಿಸಿದರೆ ಸಾಕೇ? ಇದಕ್ಕೆ ಚೆನ್ನೈನಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆಯಿತು. 2021ರಲ್ಲಿ ಪ್ರಕಟವಾಯಿತು. ಕಡಿಮೆ ಆದಾಯದ 452 ಜನ ಅದರಲ್ಲಿದ್ದರು. ಅವರು ಎಂಟು ಗಂಟೆ ಹಾಸಿಗೆಯಲ್ಲಿರುತ್ತಿದ್ದರು. ನಿದ್ದೆ ಮಾತ್ರ ಐದೂವರೆ ಗಂಟೆ. ಉತ್ತೇಜನ ಕೊಟ್ಟು ರಾತ್ರಿ ನಿದ್ದೆಯನ್ನು ಸರಾಸರಿ 27 ನಿಮಿಷ ಹೆಚ್ಚಿಸಿದರು. ಕೆಲಸದಲ್ಲಿ ಏನೂ ಸುಧಾರಣೆ ಕಾಣಲಿಲ್ಲ. ಆದರೆ ಕೆಲಸದ ಜಾಗದಲ್ಲೇ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಲು ಬಿಟ್ಟಾಗ ಕೆಲಸವೂ ಚುರುಕಾಯಿತು, ಮನಸ್ಸೂ ಹಗುರಾಯಿತು. ಸೆಕೆ, ಸೊಳ್ಳೆ, ಗದ್ದಲದ ನಡುವೆ ಮಲಗುವವರಿಗೆ ‘ಎಂಟು ಗಂಟೆ ಮಲಗಿ’ ಅಂದರೆ ಏನು ಹೇಳಿದಂತಾಯಿತು? ನಿದ್ದೆಯ ಗುಣ ಕೆಡಿಸುವ ಇಂಥವನ್ನು ಬಿಟ್ಟು ಬರೀ ಗಂಟೆ ಎಣಿಸುವ ಸಲಹೆ ಅರ್ಧ ಸಲಹೆ ಅಂತಲೇ ನನ್ನ ಅಭಿಪ್ರಾಯ.

ಈಗ ಯಾವಾಗ ಮಲಗಬೇಕು ಅನ್ನುವ ವಿಷಯ. 1960ರ ದಶಕದಲ್ಲಿ ಜರ್ಮನಿಯ ಆಂಡೆಕ್ಸ್‌ನಲ್ಲಿ ಯೂರ್ಗೆನ್ ಆಶೋಫ್ ಜನರನ್ನು ಕಿಟಕಿ, ಗಡಿಯಾರ ಇಲ್ಲದ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇರಿಸಿದರು. ಅವರು ದಿನಾ ಸ್ವಲ್ಪ ಸ್ವಲ್ಪ ತಡವಾಗಿ ಮಲಗಿ, ತಡವಾಗಿ ಏಳತೊಡಗಿದರು. ನಮ್ಮ ದೇಹದ ಒಳಗಿನ ಗಡಿಯಾರಕ್ಕೆ ಒಂದು ದಿನ ಅಂದರೆ ಸುಮಾರು 25 ಗಂಟೆ ಅಂತ ಆಗ ಲೆಕ್ಕ ಹಾಕಿದರು. ಆದರೆ ಅಲ್ಲಿದ್ದವರು ತಾವೇ ದೀಪ ಹಚ್ಚಿಕೊಳ್ಳಬಹುದಿತ್ತು. ಆ ಬೆಳಕೇ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತಿತ್ತು. 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಸೈಸ್ಲರ್ ಮಂದ ಬೆಳಕಿನಲ್ಲಿ ಅಳೆದಾಗ 24 ಗಂಟೆ 11 ನಿಮಿಷ ಬಂತು. ರಾತ್ರಿ ಬೆಳಕು ಕಡಿಮೆ ಮಾಡಿ, ಬೆಳಿಗ್ಗೆ ಬಿಸಿಲಿಗೆ ಬನ್ನಿ ಅನ್ನುವ ಸಲಹೆಗೆ ಬುಡ ಇಲ್ಲಿದೆ. ಇದು ಗಟ್ಟಿ ಸಲಹೆ.

ನಮ್ಮ ದೇಶದಲ್ಲಿ ಇಂಥದ್ದೇ ಕೋಣೆಯನ್ನು ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಕಟ್ಟಿಸಿದವರು ಎಂ. ಕೆ. ಚಂದ್ರಶೇಖರನ್. ಮುಂದೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಹಣ್ಣಿನ ನೊಣಗಳ ಮೇಲೆ ಕೆಲಸ ನಡೆಯಿತು. ಬೆಳಿಗ್ಗೆ ಗೂಡಿನಿಂದ ಹೊರಬರುವ ನೊಣಗಳ ತಳಿ ಒಂದು, ಸಂಜೆ ಬರುವವುಗಳ ತಳಿ ಇನ್ನೊಂದು ಅಂತ ತಲೆಮಾರುಗಟ್ಟಲೆ ಬೆಳೆಸಿದರು. ಬೆಳಗಿನವುಗಳ ಗಡಿಯಾರ ಬೇಗ ಓಡುತ್ತಿತ್ತು, ಸಂಜೆಯವುಗಳದ್ದು ನಿಧಾನ. ಮನುಷ್ಯರಲ್ಲೂ ಬೇಗ ಏಳುವ ಗುಣ ಒಂದಷ್ಟು ಹುಟ್ಟಿನಿಂದಲೇ ಬರುತ್ತದೆ. ತಡವಾಗಿ ಏಳುವವರನ್ನೆಲ್ಲ ಸೋಮಾರಿ ಅನ್ನುವುದು ತಪ್ಪು ಅಲ್ವಾ?

ಹತ್ತರಿಂದ ಹನ್ನೊಂದರೊಳಗೆ ಮಲಗುವವರಿಗೆ ಹೃದ್ರೋಗ ಕಡಿಮೆ ಅಂತ 2021ರಲ್ಲಿ ಬ್ರಿಟನ್ನಿನಿಂದ ಸುದ್ದಿ ಬಂತು. ಅದು ಬರೀ ಹೋಲಿಕೆಯ ಲೆಕ್ಕ, ಕಾರಣ ತೋರಿಸುವುದಿಲ್ಲ. ಅಲ್ಲಿಯದೇ ಸುಮಾರು 61,000 ಜನರ ಇನ್ನೊಂದು ಅಧ್ಯಯನದಲ್ಲಿ, ಎಷ್ಟು ಹೊತ್ತು ಮಲಗಿದರು ಅನ್ನುವುದಕ್ಕಿಂತ ದಿನಾ ಒಂದೇ ಹೊತ್ತಿಗೆ ಮಲಗಿ ಏಳುತ್ತಿದ್ದರೋ ಅನ್ನುವುದು ಆಯುಸ್ಸಿನ ಜೊತೆ ಹೆಚ್ಚು ಗಟ್ಟಿಯಾಗಿ ಹೊಂದಿಕೊಂಡಿತ್ತು. ಇದೂ ಹೋಲಿಕೆಯೇ. ಆದರೆ ಗಡಿಯಾರದ ಬಗ್ಗೆ ತಿಳಿದದ್ದಕ್ಕೆ ಇದು ಚೆನ್ನಾಗಿ ಕೂಡುತ್ತದೆ.

ಇಲ್ಲಿ ಪಿಯುಸಿ ಮಕ್ಕಳ ತಂದೆತಾಯಿಯರೂ ಮೇಷ್ಟ್ರುಗಳೂ ಇದ್ದೀರಿ. ಹದಿಹರೆಯದಲ್ಲಿ ಒಳಗಿನ ಗಡಿಯಾರ ತಡವಾಗುತ್ತಾ ಹೋಗುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಅದು ಅತಿ ತಡ. ಈ ಮಕ್ಕಳಿಗೆ ಬೇಕಾದ್ದು ಎಂಟರಿಂದ ಹತ್ತು ಗಂಟೆ ನಿದ್ದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಬೇಕಾದರೆ ಒಂಬತ್ತಕ್ಕೆ ನಿದ್ದೆ ಬಂದಿರಬೇಕು. ಹೆಚ್ಚಿನ ಮಕ್ಕಳಿಗೆ ಆಗ ಬರುವುದಿಲ್ಲ. ಸಿಯಾಟಲ್ ನಗರದ ಹೈಸ್ಕೂಲುಗಳು 2016ರಲ್ಲಿ ಬೆಳಿಗ್ಗೆ 7:50ರ ಬದಲು 8:45ಕ್ಕೆ ಶುರುವಾದವು. ಮಣಿಕಟ್ಟಿನ ಯಂತ್ರದಲ್ಲೇ ಅಳೆದಾಗ ಮಕ್ಕಳ ನಿದ್ದೆ 34 ನಿಮಿಷ ಹೆಚ್ಚಾಗಿತ್ತು. ಬೆಳಗಿನ ಜಾವದ ಟ್ಯೂಷನ್ನುಗಳನ್ನು ಸಂಜೆಗೆ ಸರಿಸಬಹುದೇ ಅಂತ ದಯವಿಟ್ಟು ನೀವೆಲ್ಲ ಕೂತು ಮಾತಾಡಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.