ಟ್ರೋಲ್ ಗೊಂಬೆ: ‘ಒರಿಜಿನಲ್ಲಾ?’ ಅಂತ ಕೇಳೋ ಮುಂಚೆ ಪಾದ ತಿರುಗಿಸಿ ನೋಡಿ

ದಾವಣಗೆರೆಯ ಫ್ಯಾನ್ಸಿ ಸ್ಟೋರುಗಳಲ್ಲಿ ಈಗ ಹಲ್ಲು ಕಿರಿಯೋ ಲಬೂಬು ಗೊಂಬೆಗಳು ನೇತಾಡ್ತಿವೆ. ಹಲ್ಲು ಎಣಿಸಿ, ಒಂಬತ್ತಿಲ್ಲ ಅಂದ್ರೆ ಡೂಪ್ಲಿಕೇಟು ಅಂತ ಹೈಸ್ಕೂಲು ಮಕ್ಕಳೂ ಹೇಳ್ತಾರೆ. ಲಬೂಬು ಮಟ್ಟಿಗೆ ಆ ಲೆಕ್ಕ ನಡೆಯುತ್ತೆ. ಅದನ್ನ ಬರೆದ ಕಲಾವಿದ ಒಬ್ಬನೇ, ಕಾಸಿಂಗ್ ಲುಂಗ್; 2019ರಿಂದ ಮಾರಾಟ ಪಾಪ್ ಮಾರ್ಟ್ ಕಂಪನಿದು. ಆದ್ರೆ ಉತ್ತರ ಯುರೋಪಿನ ಜನಪದದಿಂದ ಬಂದ, ಅದಕ್ಕಿಂತ ಎರಡು ತಲೆಮಾರು ಹಿರಿಯದಾದ ಟ್ರೋಲ್ ಗೊಂಬೆಗೂ ಕೆಲವರು ಇದೇ ಲೆಕ್ಕ ಹಚ್ತಾರಲ್ಲ, ಅಲ್ಲೇ ನಮ್ಮ ತಕರಾರು.

ಟ್ರೋಲ್ ಅಂದ್ರೆ ಬೆಟ್ಟ-ಗುಹೆಗಳಲ್ಲಿರೋ ವಿಕಾರ ಜೀವಿ. ಬಿಸಿಲು ಬಿದ್ರೆ ಕಲ್ಲಾಗುತ್ತೆ ಅಂತ ಅಲ್ಲಿನ ಕತೆ. ಕೋಟೆಯೊಳಗೇ ಹಿಡಿಂಬೇಶ್ವರನ ಗುಡಿ ಇಟ್ಕೊಂಡಿರೋ ಚಿತ್ರದುರ್ಗದವರಿಗೆ ಇದೇನು ಹೊಸದಲ್ಲ ಬಿಡಿ. ಡೆನ್ಮಾರ್ಕಿನ ಯೋಲ್ ಅನ್ನೋ ಊರಿನ ಥಾಮಸ್ ಡಾಮ್, ಮೀನು ಹಿಡಿಯೋದು, ಮರ ಕಡಿಯೋದು ಮಾಡ್ಕೊಂಡಿದ್ದೋರು, ಮಗಳಿಗೆ ಅಂತ ಮರದಲ್ಲಿ ಇದನ್ನ ಕೆತ್ತಿದ್ರು ಅಂತ ಹೇಳ್ತಾರೆ. 1959ರ ಹೊತ್ತಿಗೆ ಅದು ಗೊಂಬೆಯಾಗಿ ಪೇಟೆಗೆ ಬಂತು. ಕುರಿ ಉಣ್ಣೆಯ ಕೂದಲು, ಗಾಜಿನ ಕಣ್ಣು, ‘ಗುಡ್ ಲಕ್’ ಅನ್ನೋ ಹೆಸರು. ನಾವು ಕಟ್ಟೋ ಮನೆಗೆ ದೃಷ್ಟಿಗೊಂಬೆ ತೂಗುಹಾಕಲ್ವಾ, ಅವರು ಇದನ್ನ ಅದೃಷ್ಟಕ್ಕೆ ಜೇಬಲ್ಲಿಟ್ಕೊಂಡ್ರು. 1963ರಿಂದ 65ರವರೆಗೆ ಅಮೆರಿಕದಲ್ಲಿ ಇದರ ಹುಚ್ಚೇ ಹಿಡಿದಿತ್ತು.

ಅಷ್ಟರಲ್ಲಿ ಎಡವಟ್ಟಾಯ್ತು. ಆಗಿನ ಅಮೆರಿಕದ ಕಾನೂನಿನ ಪ್ರಕಾರ ವಸ್ತುವಿನ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಸರಿಯಾಗಿ ಇರಬೇಕಿತ್ತು. ಡಾಮ್ ಗೊಂಬೆಗಳ ಮೇಲೆ ಇರಲಿಲ್ಲ. 1965ರಲ್ಲಿ ಅಲ್ಲಿನ ಕೋರ್ಟು ಆ ಹಕ್ಕು ಇಲ್ಲ ಅಂದುಬಿಡ್ತು. ಅಲ್ಲಿಂದ ಯಾರು ಬೇಕಾದ್ರೂ ಮಾಡಬಹುದು, ಮಾಡಿದ್ರು ಕೂಡ. ಯುನೀಡಾ ಕಂಪನಿಯ ವಿಶ್‌ನಿಕ್ ಅದರಲ್ಲಿ ದೊಡ್ಡ ಹೆಸರು. 1994ರ ಕಾನೂನು ವಿದೇಶಿ ಕೃತಿಗಳಿಗೆ ಹಕ್ಕು ವಾಪಸ್ ಕೊಡಿಸ್ತು. ನಿಲ್ಲಿಸಿದ್ದ ವಿಶ್‌ನಿಕ್ಕನ್ನ ಯುನೀಡಾ ಮತ್ತೆ ಶುರು ಮಾಡಿದಾಗ ವ್ಯಾಜ್ಯ ಆಗಿ, 2007ರಲ್ಲಿ ಮೇಲ್ಮನವಿ ಕೋರ್ಟೂ ಡಾಮ್ ಕಡೆಯವರ ಪರ ನಿಂತಿತು. 2013ರಲ್ಲಿ ಹಕ್ಕು ಡ್ರೀಮ್‌ವರ್ಕ್ಸ್ ಅನ್ನೋ ಸಿನಿಮಾ ಕಂಪನಿ ಕೈಗೆ ಹೋಯ್ತು, ಸಿನಿಮಾನೂ ಬಂತು. ಸಂಗ್ರಹ ಮಾಡೋರಿಗೆ ಅದರಿಂದ ಹೆಚ್ಚೇನೂ ಆಗಬೇಕಾಗಿಲ್ಲ.

ಅಂದ್ರೆ ಅರವತ್ತರ ದಶಕದ ವಿಶ್‌ನಿಕ್ಕನ್ನ ‘ನಕಲಿ’ ಅಂತ ಎಸೆಯೋದು ತಪ್ಪು. ಕಾನೂನಿನ ಕಣ್ಣೆದುರೇ ತಯಾರಾದ ಗೊಂಬೆ ಅದು, ಅದಕ್ಕೂ ಅದರದೇ ಕಾಲ ಇದೆ, ಗುರುತಿದೆ. ಕೇಳಬೇಕಾದ ಪ್ರಶ್ನೆ ‘ಯಾರದು, ಯಾವ ಕೂದಲು, ಯಾವ ಸ್ಥಿತಿ’ ಅಂತ.

ಅದಕ್ಕೇ ಮೊದಲು ಪಾದ ತಿರುಗಿಸಿ. ಹಳೆ ವಿಶ್‌ನಿಕ್‌ನ ಅಂಗಾಲಲ್ಲಿ ಜೋಡಿ ಕುದುರೆಲಾಳ ಇರುತ್ತೆ. ಟ್ರೋಲ್ ಮಾಡ್ತಿದ್ದ ರಸ್ ಅನ್ನೋ ಇನ್ನೊಂದು ಕಂಪನಿಯದಾದ್ರೆ ಅದರ ಹೆಸರು. ಡಾಮ್ ಗುರುತು ಪಾದದಲ್ಲೋ ಬೆನ್ನಲ್ಲೋ ಸಿಗುತ್ತೆ. ಇಲ್ಲೇ ಜನ ಜಾರೋದು: ‘1977’ ಅಂತ ಇದ್ರೆ ಅದು ಹಕ್ಕುಸ್ವಾಮ್ಯದ ವರ್ಷ, ತಯಾರಾದ ವರ್ಷ ಅಲ್ಲ. ಅದೇ ಅಚ್ಚಲ್ಲಿ ಎಂಬತ್ತರ ದಶಕದಲ್ಲೂ ಗೊಂಬೆ ತೆಗೆದಿದ್ದಾರೆ. ‘1977ರ ಪೀಸು’ ಅಂತ ಜಾಸ್ತಿ ರೇಟು ಹೇಳಿದ್ರೆ ನಕ್ಕು ಮುಂದೆ ಹೋಗಿ.

ಆಮೇಲೆ ಕೂದಲು. ಉದುರಿದ ಒಂದೇ ಎಳೆ ಚಿಮಟಿಗೆಯಲ್ಲಿ ಹಿಡಿದು, ಗೊಂಬೆಯಿಂದ ದೂರದಲ್ಲಿ ಕಡ್ಡಿ ಗೀರಿ ತೋರಿಸಿ. ಉಣ್ಣೆಯಾದ್ರೆ ತಲೆಗೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಸಿಂಥೆಟಿಕ್ ಆದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಕೂದಲು ಕೂರಿಸಿರೋ ನೆತ್ತಿಯ ಸೀಳಿನ ಹತ್ತಿರ ಹೊಳೆಯೋ ಅಂಟು ಕಂಡ್ರೆ ಕೂದಲು ಬದಲಾಯಿಸಿದ್ದಾರೆ ಅಂತ ಅನುಮಾನಿಸಿ. ಅಪರೂಪದ ಬಣ್ಣದ ಕೂದಲು ಅಂತ ದುಡ್ಡು ಸುರಿಯಬೇಡಿ ಅನ್ನೋದು ಇದಕ್ಕೇ.

ನಮ್ಮ ಕಡೆ ಕಷ್ಟ ಇರೋದು ಇಟ್ಕೊಳ್ಳೋದ್ರಲ್ಲಿ. ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯ ಅಟ್ಟದಲ್ಲಿ ವಿನೈಲ್ ಗೊಂಬೆ ಇಟ್ರೆ, ಅದನ್ನ ಮೆತ್ತಗಿಡೋ ಎಣ್ಣೆಯಂಥ ರಾಸಾಯನಿಕ ಹೊರಗೆ ಬಂದು ಮೈಯೆಲ್ಲ ಜಿಗುಟಾಗುತ್ತೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸಿ, ಸಾಕು. ಥಿನ್ನರ್ರೂ ಬೇಡ, ನೇಲ್ ಪಾಲಿಶ್ ರಿಮೂವರ್ರೂ ಬೇಡ, ಬಣ್ಣದ ಜೊತೆ ಮೈನೂ ಕಿತ್ಕೊಂಡು ಬರುತ್ತೆ. ಥರ್ಮೋಕೋಲಿಗೆ ತಾಗಿಸಿ ಇಟ್ರೆ ವಿನೈಲಿನಿಂದ ಬಂದ ರಾಸಾಯನಿಕ ಥರ್ಮೋಕೋಲನ್ನೇ ಕರಗಿಸಿ ಎರಡೂ ಅಂಟ್ಕೊಳ್ತವೆ. ಪೇಪರಲ್ಲಿ ಸುತ್ತಿದ್ರೆ ಅಕ್ಷರ ಮೈಮೇಲೆ ಇಳಿಯುತ್ತೆ, ಮತ್ತೆ ಹೋಗಲ್ಲ. ತೊಳೆದು ಒಣಗಿಸಿದ ಬಿಳಿ ಕಾಟನ್ ಬಟ್ಟೆಯೇ ಸರಿ. ತೀರಾ ಹಳೇವು ರಬ್ಬರಿನವು, ಒಳಗೆ ಮರದ ಹೊಟ್ಟು ತುಂಬಿರುತ್ತೆ. ಅವನ್ನ ನೀರಿಗೆ ಹಾಕಲೇಬೇಡಿ, ಹೊಟ್ಟು ನೆಂದು ಒಳಗೇ ಕೊಳೆಯುತ್ತೆ. ಕುರಿ ಚರ್ಮಕ್ಕೆ ಅಂಟಿದ ಕೂದಲೂ ಅಷ್ಟೇ, ನೆನೆಸಿದ್ರೆ ಚರ್ಮ ಸೆಟೆದುಕೊಳ್ಳುತ್ತೆ.

ಉಣ್ಣೆಗೆ ನುಸಿ ಬೀಳುತ್ತೆ. ನುಸಿಗುಳಿಗೆ ಹಾಕೋಣ ಅನಿಸುತ್ತೆ, ಆದ್ರೆ ನಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತೆ. ಅದರ ಬದಲು ಜಿಪ್ ಕವರಲ್ಲಿ ಗಾಳಿ ತೆಗೆದು ಮುಚ್ಚಿ, ಮನೆ ಫ್ರೀಜರಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಕವರ್ ಬಿಚ್ಚಬೇಡಿ, ಬಿಚ್ಚಿದ್ರೆ ಗೊಂಬೆ ಮೇಲೇ ನೀರು ಕೂರುತ್ತೆ. ತಣ್ಣಗಿರುವಾಗ ವಿನೈಲ್ ಪೆಡಸಾಗಿರುತ್ತೆ, ಕೈ ಜಾರಿದ್ರೆ ಬೆರಳು ಮುರಿಯುತ್ತೆ.

ಆನ್‌ಲೈನಲ್ಲಿ ತಗೊಳ್ಳೋದಾದ್ರೆ ನಾಲ್ಕು ಫೋಟೋ ಕೇಳಿ: ಎರಡೂ ಅಂಗಾಲು, ಬೆನ್ನು, ಕೂದಲು ಸರಿಸಿ ನೆತ್ತಿ, ಕಣ್ಣು ಹತ್ತಿರದಿಂದ. ಮುಖದ ಫೋಟೋ ಮಾತ್ರ ಕಳಿಸಿ ‘ತುಂಬಾ ರೇರ್ ಸರ್’ ಅನ್ನೋರಿಗೆ ದುಡ್ಡು ಹಾಕಬೇಡಿ.