ಮೊದಲ ಹನ್ನೊಂದರಲ್ಲಿ 17ರ ಹುಡುಗ

ನೀವೀಗ ನೋಡುತ್ತಿರುವುದು ಬೆಟಗೇರಿಯ ಮಣ್ಣಿನ ಮೈದಾನದಲ್ಲಿ ಕಳೆದ ಭಾನುವಾರ ನಡೆದ ಹಾಕಿ ಪಂದ್ಯ. ಮೂರನೆಯ ಕ್ವಾರ್ಟರ್ ಮುಗಿಯುತ್ತ ಬಂದಿದ್ದರೂ ಶಿನ್ ಗಾರ್ಡ್ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕುಳಿತೇ ಇರುವ ಈ 17 ವರ್ಷದ ಫಾರ್ವರ್ಡ್‌ಗೆ ಪಂದ್ಯ ಆರಂಭಿಸುವ ಮೊದಲ ಹನ್ನೊಂದರಲ್ಲಿ ಸ್ಥಾನ ಸಿಗಬೇಕೇ ಎಂಬ ಚರ್ಚೆ ನಮ್ಮಲ್ಲಿ ಹಲವು ವಾರಗಳಿಂದ ನಡೆದಿದೆ. ಸಿಗಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ತರಬೇತುದಾರರು ನನಗೂ ಹಾಕಿ ಕಲಿಸಿದವರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. "ಹುಡುಗ ಚೊಲೋ ಆಡ್ತಾನ, ಆದರ ಚೆಂಡು ಕಳಕೊಂಡ ಮ್ಯಾಲೆ ಹಿಂದ ಓಡಿ ಬರೂದಿಲ್ಲ" ಎಂದು ಅವರು ಹೇಳುವುದು ಸತ್ಯ. ನನ್ನ ಚಿತ್ರೀಕರಣದಲ್ಲೇ ಅದು ಕಾಣುತ್ತದೆ: ಚೆಂಡು ಕೈತಪ್ಪಿದಾಗ ಆತ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಾನೆ, ಎದುರಾಳಿಗಳ ರೈಟ್ ಹಾಫ್ ತಡೆಯಿಲ್ಲದೆ ಮುಂದೆ ಬರುತ್ತಾನೆ, ಅದರ ಭಾರವೆಲ್ಲ ನಮ್ಮ ಹಿಂದಿನ ಸಾಲಿನ ಮೇಲೆ ಬೀಳುತ್ತದೆ.

ಆದರೆ ಆತನನ್ನು ಕಣಕ್ಕಿಳಿಸುವ ಹೊತ್ತನ್ನೂ ನೋಡಬೇಕು. 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಕೊನೆಯದು ಮಾತ್ರ ಆತನ ಪಾಲಿಗೆ ಬರುತ್ತದೆ, ಅದೂ ಎದುರಾಳಿಗಳು ಒಂದು ಗೋಲಿನ ಮುನ್ನಡೆ ಉಳಿಸಿಕೊಳ್ಳಲು ತಮ್ಮ ಗೋಲಿನ ಮುಂದಿನ ಡಿ ವೃತ್ತದ ಸುತ್ತ ಗೋಡೆಯಂತೆ ನಿಂತಿರುವಾಗ. ಪಾಸ್ ಬರುವ ಮೊದಲೇ ಓಟ ಆರಂಭಿಸಿ, ಇಬ್ಬರು ಡಿಫೆಂಡರ್‌ಗಳ ನಡುವಿನ ತೆರವನ್ನು ಹಿಡಿದು, ಚೆಂಡನ್ನು ಓಡುತ್ತಲೇ ಸ್ಟಿಕ್ಕಿನಲ್ಲಿ ಹಿಡಿತಕ್ಕೆ ತಂದು ಟ್ರ್ಯಾಪ್ ಮಾಡುವುದು ಈ ಹುಡುಗನ ಬಲ. ತೆರವೇ ಇಲ್ಲದ ಹೊತ್ತಿನಲ್ಲಿ ಇಳಿಸಿ, ಗೋಲು ಹೊಡೆಯಲಿಲ್ಲವೆಂದು ಅಳೆಯುವುದು ನ್ಯಾಯವಲ್ಲ. ಗಾಯಗೊಂಡವರ ಬದಲಿಗೆ ಒಮ್ಮೆ ಮೊದಲ ಕ್ವಾರ್ಟರ್‌ನಲ್ಲೇ ಆಡಿದಾಗ ಆತ ಎರಡು ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಗಳ ತಪ್ಪಿಗೆ ಸಿಗುವ ಗೋಲಿನ ಅವಕಾಶ, ಗಳಿಸಿಕೊಟ್ಟ. ಗೋಲು ಆ ಕಾರ್ನರ್ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆದು ಡ್ರ್ಯಾಗ್ ಫ್ಲಿಕ್ ಹೊಡೆದವರ ಹೆಸರಿಗೆ ಹೋಯಿತು. ಕಾರ್ನರ್ ತಂದವನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ಇಂದಿಗೂ ಅದು ನೋವಿನ ಸಂಗತಿ.

ಎಳೆಯರನ್ನು ಬೇಗ ದೊಡ್ಡ ಆಟಕ್ಕೆ ಬಿಟ್ಟರೆ ಕುಸಿಯುತ್ತಾರೆ ಎನ್ನುವವರು ದಿಲ್‌ಪ್ರೀತ್ ಸಿಂಗ್ ಅವರ ಉದಾಹರಣೆ ಕೊಡುತ್ತಾರೆ. 2018ರಲ್ಲಿ 18ನೇ ವಯಸ್ಸಿಗೆ ಭಾರತ ತಂಡ ಸೇರಿ, ಅದೇ ವರ್ಷ ಭುವನೇಶ್ವರದಲ್ಲಿ ವಿಶ್ವಕಪ್ ಆಡಿ, ಆಮೇಲೆ ಅವರು ತಂಡದಿಂದ ಹೊರಗುಳಿದದ್ದು ನಿಜ. ಆದರೆ 2021ರಲ್ಲಿ, ಟೋಕಿಯೊ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 7ನೇ ನಿಮಿಷದಲ್ಲೇ ಮೊದಲ ಗೋಲು ಹೊಡೆದವರೂ ಅವರೇ. 41 ವರ್ಷಗಳ ಬಳಿಕ ಭಾರತಕ್ಕೆ ಹಾಕಿಯಲ್ಲಿ ಒಲಿಂಪಿಕ್ ಪದಕ ತಂದ ತಂಡ ಅದು.

ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದಾದ್ದರಿಂದ ಇಡೀ ಪಂದ್ಯವನ್ನು ಆತನ ಹೆಗಲಿಗೆ ಹೊರಿಸಬೇಕಿಲ್ಲ. ನಮ್ಮ ಹಿರಿಯ ಸೆಂಟರ್ ಫಾರ್ವರ್ಡ್ ಜೊತೆಗೆ ಮೊದಲ ಆರೇಳು ನಿಮಿಷ ಆಡಲಿ. ಚೆಂಡು ಕಳೆದುಕೊಂಡು ನಿಂತದ್ದು ಕಂಡೊಡನೆ ಹೊರಗೆ ಕರೆದು, ಕರೆದ ಕಾರಣವನ್ನು ತಿಳಿಸಿ, ಮುಂದಿನ ಕ್ವಾರ್ಟರ್‌ಗೆ ಮತ್ತೆ ಕಳುಹಿಸಲಿ. ಇದನ್ನು ಸರ್ ಅವರಿಗೂ ಹೇಳಿದ್ದೇನೆ, ಈ ದೃಶ್ಯಗಳನ್ನೂ ತೋರಿಸಿದ್ದೇನೆ. ಮುಂದಿನ ಪಂದ್ಯದ ಪಟ್ಟಿಯನ್ನು ಅವರು ಶನಿವಾರ ಸಂಜೆ ಅಭ್ಯಾಸ ಮುಗಿದ ಮೇಲೆ ಬರೆಯುತ್ತಾರೆ.